ನವೋದಯ ಪರೀಕ್ಷಿಗೆ ಮಕ್ಳನ್ನ ಮನ್ಯಾಗ ತಯಾರು ಮಾಡೂದು ಹೆಂಗ

ಜೂನ್ ಬಂತಂದ್ರ ನನ್ನ ಹತ್ರ ಬ್ಲೌಸ್ ಹೊಲಿಸಾಕ ಬರೋ ಅಕ್ಕಂದ್ರು ಅಳತಿ ಕೊಟ್ಟು ಎದ್ದು ಹೋಗೂದಿಲ್ಲ, ಕುಂತ್ಬಿಡ್ತಾರ. "ಅಕ್ಕಾ, ನಮ್ಮ ಹುಡುಗ ಈ ಸಲ ಐದನೇ ಕ್ಲಾಸ್, ನವೋದಯ ಬರಸ್ಬೇಕಂತ ಮಾಡೀವಿ, ಎಲ್ಲಿ ಟ್ಯೂಷನ್ ಹಚ್ಚೂನು, ಯಾವ ಗೈಡ್ ತರೂನು?" ನವೋದಯ ಅಂದ್ರ ಕೇಂದ್ರ ಸರ್ಕಾರದ ವಸತಿ ಶಾಲಿ. ಬಾಯಿಲೆ ಹೇಳುವಾಗ ಅರ್ಧ ಮರ್ತು ಹೋಗ್ತೈತಿ, ಅವ್ರು ಮನಿಗೆ ಹೋದ್ಮ್ಯಾಲ ಅಯ್ಯೋ ಇದನ್ನ ಹೇಳ್ಲೇ ಇಲ್ಲಲ್ಲ ಅನಸ್ತೈತಿ, ಅದಕ್ಕ ಎಲ್ಲಾ ಒಂದ್ಕಡೆ ಬರದು ಇಡಾಕತ್ತೀನಿ. ನಾನು ಓದಿದ್ದು ಪಿಯುಸಿ, ಯಲಬುರ್ಗಾ ಕಡೆ ಒಂದು ಹಳ್ಳ್ಯಾಗ ಹೊಲಿಗಿ ಮಷಿನ್ ಇಟ್ಕೊಂಡೀನಿ, ಇಬ್ರು ಮಕ್ಳನ್ನ ಈ ಪರೀಕ್ಷಿಗೆ ಕೂಡಿಸೀನಿ. ಮಗಳ ಹೆಸ್ರು ಲಿಸ್ಟ್‌ನ್ಯಾಗ ಬರ್ಲಿಲ್ಲ, ಮಗಂದು ಬಂತು. ಮಗ ಅಕ್ಕನಿಗಿಂತ ಶ್ಯಾಣ್ಯಾ ಅಂತ ಯಾರೂ ತಿಳ್ಕೊಬ್ಯಾಡ್ರಿ, ಖರೇ ಹೇಳ್ಬೇಕಂದ್ರ ಓದೂದ್ರಾಗ ಆಕಿನ ಮುಂದ. ಎರಡು ಸಲದಾಗ ಬದಲಾಗಿದ್ದು ನಾನು.

ಮಗಳ ಸಲ ಏನಾತು ಅದನ್ನ ಮೊದ್ಲು ಹೇಳ್ತೀನಿ. ಊರಾಗ ಎಲ್ರೂ ಹಚ್ಚ್ಯಾರಂತ ನಾನೂ ಒಂದು ಟ್ಯೂಷನ್ ಹಚ್ಚಿದೆ, ಮೂರು ಗೈಡ್ ತಂದೆ, ದಿನಾ ಒಂದು ಪೇಪರ್ ಬಿಡಸ್ತಿದ್ರು, ಆಕಿ ಮನಿಗೆ ಬಂದ ಕೂಡ್ಲೇ ನಾನು ಕೇಳ್ತಿದ್ದ ಒಂದ ಮಾತು, "ಎಷ್ಟು ಬಂತು ಇವತ್ತು?" ಐವತ್ತೆಂಟು ಅಂದ್ರ ಮುಖ ಸಣ್ಣ ಮಾಡ್ತಿದ್ದೆ, ಅರವತ್ತೈದು ಅಂದ್ರ ಖುಷಿ. ರಿಸಲ್ಟ್ ಬಂದು ಹೆಸ್ರು ಇಲ್ಲ ಅಂತ ಗೊತ್ತಾದ್ಮ್ಯಾಲ ಒಂದಿನ ರದ್ದಿಗೆ ಹಾಕೂನು ಅಂತ ಆಕಿ ಪೇಪರ್ ಕಟ್ಟು ಬಿಚ್ಚಿದೆ. ಮೂವತ್ತರ ಮ್ಯಾಲ ಇದ್ವು. ಒಂದೊಂದ ತಿರುವಿ ನೋಡ್ತಾ ಹೋದಂಗ ನನಗ ಕೈಕಾಲು ತಣ್ಣಗಾದ್ವು, ಯಾಕಂದ್ರ ಮೊದ್ಲನೇ ಪೇಪರ್‌ನ್ಯಾಗ ಆಕಿ ತಪ್ಪು ಮಾಡಿದ್ದ ಲೆಕ್ಕದ ಜಾತಿನ ಕಡೀ ಪೇಪರ್‌ನ್ಯಾಗೂ ತಪ್ಪಾಗಿತ್ತು, ಅದ ಕನ್ನಡಿ ಚಿತ್ರ, ಅದ ಲಾಭ ನಷ್ಟ, ಅದ ಭಿನ್ನರಾಶಿ. ಕೆಂಪು ಪೆನ್ನಿಲೆ ಗುಣಾಕಾರ ಚಿಹ್ನೆ ಹಾಕಿ ಮಾರ್ಕ್ಸ್ ಬರದು ಕೊಟ್ಟಿದ್ರು, ಯಾಕ ತಪ್ಪಾತು ಅಂತ ಒಬ್ರೂ ಕೂಸಿನ ಬಾಜು ಕುಂತು ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಆರು ತಿಂಗಳು ಆಕಿ ತನಗ ಬರೋದನ್ನ ಮತ್ತ ಮತ್ತ ಮಾಡ್ಯಾಳ, ಬರ್ಲಾರದ್ದು ಹಂಗ ಉಳದೈತಿ.

ಹಂಗಾಗಿ ನಾನು ಹೇಳೂದು ಇಷ್ಟ: ಪೇಪರ್ ಎಷ್ಟು ಬಿಡಿಸಿದ್ರು ಅನ್ನೋದಕ್ಕಿಂತ ತಪ್ಪಿಗೆ ಎಷ್ಟೊತ್ತು ಕುಂತ್ರಿ ಅನ್ನೋದನ್ನ ನೋಡ್ರಿ. ಗೈಡ್ ಒಂದ ಸಾಕು, ಹಳೇ ಪ್ರಶ್ನೆಪತ್ರಿಕಿ ಸಿಕ್ರ ಇನ್ನೂ ಚಲೋ, ಟ್ಯೂಷನ್ ಇದ್ರೂ ನಡೀತೈತಿ ಇಲ್ದಿದ್ರೂ ನಡೀತೈತಿ, ಆದ್ರ ಮನ್ಯಾಗ ಒಬ್ರು ದಿನಾ ಕುಂದರ್ಲೇಬೇಕು.

ಮೊದ್ಲು ಪರೀಕ್ಷಾ ಹೆಂಗಿರ್ತೈತಿ ತಿಳ್ಕೊರಿ, ಬಾಳ ಮಂದಿಗೆ ಇದ ಗೊತ್ತಿರೂದಿಲ್ಲ. ಜವಾಹರ್ ನವೋದಯ ಶಾಲಿಗೆ ಆರನೇ ಕ್ಲಾಸಿಗೆ ಸೇರಾಕ ಐದನೇ ಕ್ಲಾಸ್ ಓದುವಾಗ ಬರಿಯೋ ಪರೀಕ್ಷಾ ಇದು. ಒಟ್ಟು 80 ಪ್ರಶ್ನೆ, 100 ಮಾರ್ಕ್ಸ್, ಎರಡು ತಾಸು, ಒಂದೊಂದು ಪ್ರಶ್ನೆಗೆ ಒಂದೂಕಾಲು ಮಾರ್ಕ್ಸ್. ಮಾನಸಿಕ ಸಾಮರ್ಥ್ಯದ್ದು 40 ಪ್ರಶ್ನೆ ಅಂದ್ರ 50 ಮಾರ್ಕ್ಸ್, ಅಂಕಗಣಿತ 20 ಪ್ರಶ್ನೆ 25 ಮಾರ್ಕ್ಸ್, ಭಾಷೆ 20 ಪ್ರಶ್ನೆ 25 ಮಾರ್ಕ್ಸ್. ಕನ್ನಡದಾಗ ಬರಿಬೋದು. ತಪ್ಪು ಉತ್ತರಕ್ಕ ಮಾರ್ಕ್ಸ್ ಕಡಿಯೂದಿಲ್ಲ, ಹಂಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬಾರ್ದು ಅಂತ ಮಗುವಿಗೆ ಮೊದಲ್ನೇ ದಿನಾನ ಹೇಳಿಡ್ರಿ. ಟೈಮ್ ಲೆಕ್ಕ ಹಾಕಿದ್ರ ಪ್ರಶ್ನೆಗೆ ಒಂದೂವರಿ ನಿಮಿಷ ಬರ್ತೈತಿ. ಕೊಪ್ಪಳ ಜಿಲ್ಲಾದ ನವೋದಯ ಕುಕನೂರಾಗ ಐತಿ, ರಾಯಚೂರಿನವ್ರದ್ದು ಮುದಗಲ್‌ದಾಗ, ಇನ್ನೊಂದು ಈಗ ವಿಜಯನಗರ ಜಿಲ್ಲಾದಾಗ ಬರೋ ಕೂಡ್ಲಿಗಿ ಹತ್ರ ಚಿಕ್ಕಜೋಗಿಹಳ್ಳ್ಯಾಗ. ಒಂದು ಶಾಲಿಗೆ ಆರನೇ ಕ್ಲಾಸಿಗೆ ಹೆಚ್ಚಂದ್ರ 80 ಮಕ್ಳು, ಅದ್ರಾಗ ನೂರಕ್ಕ 75 ಪಾಲು ಹಳ್ಳಿ ಮಕ್ಳಿಗೆ, ಮೂರನೇ ಒಂದು ಪಾಲು ಹೆಣ್ಮಕ್ಳಿಗೆ. ಇಡೀ ಜಿಲ್ಲಾಕ್ಕ 80 ಸೀಟು ಅಂದ್ರ ಚಲೋ ಓದಿದ ಮಕ್ಳಿಗೂ ಸಿಗದೇ ಹೋಗ್ತಾವು, ಇದನ್ನ ತಂದಿ ತಾಯಿ ಮನಸ್ಸಿನ್ಯಾಗ ಇಟ್ಕೊಂಡ ಸುರು ಮಾಡ್ರಿ. ಇನ್ನೊಂದು, ಈ ಪರೀಕ್ಷಾ ಒಂದ ಸಲ ಬರಿಯಾಕ ಬರೂದು, ಎರಡ್ನೇ ಚಾನ್ಸ್ ಇಲ್ಲ.

ಈಗ ನಾನು ಮಗನ ಸಲ ಏನ್ ಮಾಡ್ದೆ ಅಂದ್ರ, ನೂರು ಪುಟದ ಒಂದು ನೋಟ್‌ಬುಕ್ ತಂದು ಅದಕ್ಕ ತಪ್ಪಿನ ಬುಕ್ ಅಂತ ಹೆಸ್ರಿಟ್ವಿ. ದಿನಾ 45 ನಿಮಿಷ, ಅದಕ್ಕಿಂತ ಹೆಚ್ಚು ಕೂಡಸ್ತಿದ್ದಿಲ್ಲ. ಮೊದಲ್ನೇ 20 ನಿಮಿಷ ಹನ್ನೆರಡು ಪ್ರಶ್ನೆ ಬಿಡಸ್ತಿದ್ದ, ಉಳಿದ 25 ನಿಮಿಷ ತಪ್ಪಾಗಿದ್ದಕ್ಕ. ತಪ್ಪಾದ ಪ್ರಶ್ನೆ ಆ ಬುಕ್ಕಿನ್ಯಾಗ ಬರೀಬೇಕು, ಅದರ ಕೆಳಗ ತಾನು ಏನ್ ತಿಳ್ಕೊಂಡು ಆ ಉತ್ತರ ಹಾಕಿದ್ನೋ ಅದನ್ನ ತನ್ನ ಮಾತಿನ್ಯಾಗ ಬರೀಬೇಕು, ಸರಿ ಉತ್ತರ ಆಮ್ಯಾಲ. "ಗೊತ್ತಾಗ್ಲಿಲ್ಲ" ಅಂತ ಬರ್ಯಾಕ ಬಿಡ್ತಿದ್ದಿಲ್ಲ, ಏನರ ಒಂದು ಯೋಚ್ನೆ ಬಂದಿರ್ತೈತಲ್ಲ, ಅದನ್ನ ಬರಿ ಅಂತಿದ್ದೆ. ಬೈಯೂದು ಪೂರ್ತಿ ಬಂದ್ ಮಾಡಿದ್ದೆ, ಯಾಕಂದ್ರ ಬೈದ್ರ ಮಕ್ಳು ತಪ್ಪು ಮುಚ್ಚಿಡ್ತಾರ, ಮುಚ್ಚಿಟ್ರ ನಮಗ ಕೆಲಸಾನ ಇಲ್ಲ. ರವಿವಾರ ಹೊಸಾದು ಏನೂ ಇಲ್ಲ, ಆ ವಾರದ ತಪ್ಪಿನ ಬುಕ್ಕಿನ ಪ್ರಶ್ನೆಗಳ್ನ ಮತ್ತ ಕೇಳೂದು, ಸರಿ ಬಂದಿದ್ದಕ್ಕ ಅಂವನ ಕೈಲೆ ರೈಟ್ ಹಾಕಸೂದು. ಎರಡು ತಿಂಗಳಾಗೂದ್ರಾಗ ಬುಕ್ ತಿರುವಿದ್ರ ಹುಡುಗ ಎಲ್ಲಿ ಎಡವ್ತಾನ ಅನ್ನೋದು ಕಣ್ಣಿಗೆ ಕಾಣ್ತಿತ್ತು.

ಒಂದು ಉದಾಹರಣೆ ಪೂರ್ತಿ ಹೇಳ್ತೀನಿ. 1.35ಕ್ಕ 2.35 ಕೂಡಿಸಿದ್ರ 3.70, ಇದು ಅಂವಗ ಬರ್ತಿತ್ತು. ಒಂದಿನ ಗೈಡಿನ್ಯಾಗ ತಾಸಿನ ಲೆಕ್ಕ ಬಂತು, ಒಂದು ತಾಸು 35 ನಿಮಿಷಕ್ಕ ಎರಡು ತಾಸು 35 ನಿಮಿಷ ಕೂಡಸ್ಬೇಕು, ಅಂವ 3 ತಾಸು 70 ನಿಮಿಷ ಅಂತ ಬರದಾನ. ತಪ್ಪು ಅಂದೆ, "ನಿನ್ನೆ ಹಿಂಗ ಮಾಡಿದ್ದೆ, ಸರಿ ಅಂದಿದ್ದಿ" ಅಂದ. ಅಂವನ ಮಾತೂ ಖರೇನ. ಅವಾಗ ನಮ್ಮ ಹೊಲದ ಪಹಣಿ ತಗದು ಮುಂದ ಇಟ್ಟೆ. ಒಂದು ಎಕರೆ 35 ಗುಂಟೆ, ಇನ್ನೊಂದು ತುಂಡು ಎರಡು ಎಕರೆ 35 ಗುಂಟೆ ಐತಿ ಅಂತ ತಿಳ್ಕೋ, ಕೂಡ್ಸು ಅಂದೆ. ಎಕರೆಗೆ 40 ಗುಂಟೆ ಅಂತ ಅವ್ರ ಅಜ್ಜನ ಬಾಯಾಗ ಕೇಳಿ ಕೇಳಿ ಗೊತ್ತಿತ್ತು, 70 ಗುಂಟೆದಾಗ 40 ತಗದು ಒಂದು ಎಕರೆ ಮಾಡಿ ನಾಕು ಎಕರೆ 30 ಗುಂಟೆ ಅಂದ. ಅದನ್ನ ತಾಸಿಗೆ ಮಾಡು, 60ಕ್ಕ ಒಂದು ತಾಸು ಅಂದ್ರ ನಾಕು ತಾಸು ಹತ್ತು ನಿಮಿಷ. ರೂಪಾಯಿಗೆ ಮಾಡು, ನೂರು ಪೈಸಾಕ್ಕ ಒಂದು ರೂಪಾಯಿ, 70 ಪೈಸಾ 70 ಪೈಸಾನ ಉಳೀತು. ಒಂದ ಅಂಕಿ, ಮೂರು ಉತ್ತರ. ಹುಡುಗ ಸ್ವಲ್ಪೊತ್ತು ಆ ಹಾಳಿ ನೋಡ್ಕೊಂತ ಕುಂತ, ಆಮ್ಯಾಲ "ಅಂದ್ರ ಮೊದ್ಲು ಎಷ್ಟಕ್ಕ ಒಂದು ಅಂತ ಕೇಳ್ಕೋಬೇಕು" ಅಂದ. ಅದನ್ನ ಅಂವ ತಪ್ಪಿನ ಬುಕ್ಕಿನ್ಯಾಗ ದೊಡ್ಡ ಅಕ್ಷರದಾಗ ಬರದಿಟ್ಟಾನ. ಅಳತಿ ಲೆಕ್ಕ ಆಮ್ಯಾಲ ಒಂದೂ ತಪ್ಪಿಲ್ಲ.

ಗಣಿತದಾಗ ಬರೂದು ಶಾಲ್ಯಾಗ ಕಲಿಸೋದ, ನಾಕು ಮೂಲಕ್ರಿಯೆ, ಅಪವರ್ತನ ಅಪವರ್ತ್ಯ, ಲಸಾಅ ಮಸಾಅ, ಭಿನ್ನರಾಶಿ, ದಶಮಾಂಶ, ಅಳತಿ, ಲಾಭ ನಷ್ಟ, ಇಂಥಾವು. ಪುಸ್ತಕದ ಲೆಕ್ಕಕ್ಕ ಹೆದರೋ ಮಗು ಮನೀ ಲೆಕ್ಕಕ್ಕ ಹೆದರೂದಿಲ್ಲ, ಇದನ್ನ ಉಪಯೋಗ ಮಾಡ್ಕೊರಿ. ನಾನು ಲೈನಿಂಗ್ ಬಟ್ಟಿ ಮೀಟರಿಗೆ 40 ರೂಪಾಯಿಗೆ ತಂದು 50ಕ್ಕ ಕೊಡ್ತೀನಿ ಅಂದ್ರ ಲಾಭ ಶೇಕಡಾ ಎಷ್ಟು ಅಂತ ಕೇಳಿದ್ರ ಅಂವ 20 ಅಂದ, ಯಾಕಂದ್ರ ಹತ್ತನ್ನ 50ರಿಂದ ಭಾಗ್ಸಿದ್ದ. ನಾನು ಕೈಯಿಂದ ಹಾಕಿದ ರೊಕ್ಕ ಎಷ್ಟು, 40, ಲಾಭ ಯಾವಾಗಲೂ ಹಾಕಿದ ರೊಕ್ಕದ ಮ್ಯಾಲ ನೋಡೂದು, ಅಂದ್ರ 25. ಗಂಗಾವತಿ ಕಾರಟಗಿ ಕಡೆಯವ್ರಾದ್ರ ಭತ್ತದ ಲೆಕ್ಕ ಹಾಕ್ಸ್ರಿ, ಪಾಕೀಟಿಗೆ 75 ಕೆಜಿ, ಕ್ವಿಂಟಲ್‌ಗೆ 2400 ಆದ್ರ ಪಾಕೀಟಿಗೆ ಎಷ್ಟು, ನೂರಕ್ಕ 75 ಅಂದ್ರ ಮುಕ್ಕಾಲು ಪಾಲು, 1800. ಶೇಕಡಾ, ಭಿನ್ನರಾಶಿ, ದಶಮಾಂಶ ಮೂರೂ ಒಂದ ಪಾಕೀಟಿನ್ಯಾಗ ಕಲ್ತಂಗಾತು. ಮಗ್ಗಿ ಮಾತ್ರ 20ರ ತನಕ ಬಾಯಿಪಾಠ ಇರ್ಬೇಕು, ಒಂದೂವರಿ ನಿಮಿಷದಾಗ ಏಳೆಂಟ್ಲೇ ಎಷ್ಟು ಅಂತ ಬೆರಳು ಎಣಸ್ಕೊಂತ ಕುಂತ್ರ ಆಗೂದಿಲ್ಲ.

ಮಾನಸಿಕ ಸಾಮರ್ಥ್ಯ ಅರ್ಧ ಮಾರ್ಕ್ಸ್ ತಗೊಂಡು ಕುಂತೈತಿ, ಇದ್ರಾಗ ಓದೂದು ಏನೂ ಇಲ್ಲ, ಎಲ್ಲಾ ಚಿತ್ರ. ಹತ್ತು ಜಾತಿ ಪ್ರಶ್ನೆ ಬರ್ತಾವು, ಜಾತಿಗೆ ನಾಕ ನಾಕು: ಗುಂಪಿಗೆ ಸೇರ್ಲಾರದ ಚಿತ್ರ ಹುಡುಕೂದು, ಜೋಡಿ ಹಚ್ಚೂದು, ಅರ್ಧ ಚಿತ್ರ ಪೂರ್ತಿ ಮಾಡೂದು, ಸಾಲಿನ್ಯಾಗ ಮುಂದಿನ ಚಿತ್ರ, ಕನ್ನಡಿ ಚಿತ್ರ, ಹಾಳಿ ಮಡಚಿ ತೂತು ಹಾಕಿದ್ದು, ದೊಡ್ಡ ಚಿತ್ರದಾಗ ಅಡಗಿದ ಸಣ್ಣ ಚಿತ್ರ, ಹಿಂಗ. ಗೈಡಿನ್ಯಾಗ ನೋಡಿ ನೋಡಿ ಇದು ಬರೂದಿಲ್ಲ, ಕೈಯಾಗ ಮಾಡಿಸ್ರಿ ಬರ್ತೈತಿ. ಮಡಚಿ ತೂತು ಹಾಕೋದು ಮಗಳಿಗೆ ಕಡೀತನಕ ತಿಳೀಲಿಲ್ಲ, ಆಕಿ ಮಾಡ್ತಿದ್ದ ತಪ್ಪು ಏನಂದ್ರ ತೂತು ಒಂದ ಕಡೆ ಇರೋ ಉತ್ತರ ಆರಿಸ್ತಿದ್ಲು. ಅದನ್ನ ನೆನಸ್ಕೊಂಡ್ರ ನನಗ ಈಗ್ಲೂ ಹೊಟ್ಟ್ಯಾಗ ಸಂಕಟ ಆಗ್ತೈತಿ, ಯಾಕಂದ್ರ ನಾನು ದಿನಾ ಆಕಿ ಮುಂದನ ಅದ ಕೆಲಸ ಮಾಡ್ತಿದ್ದೆ. ಬ್ಲೌಸಿನ ಬೆನ್ನು ಕಟಿಂಗ್ ಮಾಡುವಾಗ ಬಟ್ಟಿ ಎರಡು ಮಡಿಕಿ ಮಾಡಿ ಮಡಿಕಿ ಕಡೆಯಿಂದ ಅರ್ಧ ನೆಕ್ ಕತ್ತರಸ್ತೀವಿ, ಬಿಚ್ಚಿದ್ರ ಪೂರ್ತಿ ನೆಕ್. ಮಗನ್ನ ಬಾಜು ನಿಂದ್ರಿಸ್ಕೊಂಡು ಬಿಚ್ಚೂಕಿಂತ ಮೊದ್ಲು ಕೇಳ್ತಿದ್ದೆ, "ಹೇಳು, ಬಿಚ್ಚಿದ್ರ ಹೆಂಗ ಕಾಣ್ತೈತಿ?" ಹಳೇ ಪೇಪರ್ ಎರಡು ಸಲ ಮಡಚಿ ಊದಿನಕಡ್ಡಿ ಹಚ್ಚಿ ಒಂದು ತೂತು ಮಾಡಿದ್ರ ಬಿಚ್ಚಿದ ಮ್ಯಾಲ ನಾಕು ತೂತು, ಮಡಿಕಿ ಹತ್ರ ಇದ್ದಿದ್ದು ಮಡಿಕಿ ಹತ್ರನ, ಅಂಚಿನ ಕಡೆ ಇದ್ದಿದ್ದು ಅಂಚಿನ ಕಡೆನ. ಹತ್ತು ದಿನ ಇಂಥಾದ್ದು ಮಾಡಿದ ಹುಡುಗನಿಗೆ ಗೈಡಿನ ಚಿತ್ರ ನೋಡಿದ ಕೂಡ್ಲೇ ಹೊಳೀತೈತಿ.

ಕನ್ನಡಿ ಚಿತ್ರಕ್ಕೂ ತೋಳಿನ ಕಟಿಂಗ್ ತೋರಿಸಿದ್ದೆ, ಎರಡೂ ತೋಳು ಒಂದ ಮಗ್ಗಲಕ್ಕ ಇಟ್ಟು ಕತ್ತರಿಸಿದ್ರ ಎರಡೂ ಎಡಗೈದ್ದ ಆಗಿ ಕೂಡ್ತಾವು, ಒಂದನ್ನ ಮಗುಚಿ ಇಡಬೇಕು. ನಿಮ್ಮ ಮನ್ಯಾಗ ಹೊಲಿಗಿ ಇಲ್ಲಂದ್ರ ಏನೂ ಚಿಂತಿಲ್ಲ, ಹಾಳಿ ಮ್ಯಾಲ ಮಗುವಿನ ಹೆಸ್ರು ಬರಿಸಿ ಕನ್ನಡಿ ಮುಂದ ಹಿಡಿಸ್ರಿ, ಹಿಡಿಯೂಕಿಂತ ಮೊದ್ಲು ಹೆಂಗ ಕಾಣ್ತೈತಿ ಅಂತ ಬರಿಸ್ರಿ, ಆಮ್ಯಾಲ ನೋಡಿ ತಾಳೆ ಹಾಕ್ಲಿ. ಮೊದ್ಲು ಹೇಳೂದು ಆಮ್ಯಾಲ ನೋಡೂದು, ಈ ಕ್ರಮ ಬಿಡಬ್ಯಾಡ್ರಿ. ಉಳಿದ ಚಿತ್ರದ ಪ್ರಶ್ನೆಗಳು ಮಕ್ಳಿಗೆ ಆಟ ಇದ್ದಂಗ, ರೂಢಿ ಆದ್ರ ಸಾಕು.

ಭಾಷೆ ಭಾಗನ ಎಲ್ರೂ ಸಸಾರ ಮಾಡ್ತಾರ, ಕನ್ನಡ ಅಲ್ಲೇನ್ರಿ ಬರ್ತೈತಿ ಅಂತಾರ. ಬರೂದಿಲ್ರಿ. ನಮ್ಮ ಮಕ್ಳು ಮಾತಾಡೋ ಕನ್ನಡಾನ ಬ್ಯಾರೆ, ಪೇಪರಿನ ಕನ್ನಡಾನ ಬ್ಯಾರೆ, ಅದ್ರ ಮ್ಯಾಲ ನಮ್ಮ ಕಡೆ ತಾಂಡಾದ ಮಕ್ಳು ಮನ್ಯಾಗ ಲಂಬಾಣಿ, ಆಂಧ್ರದಿಂದ ಬಂದು ನೆಲೆಸಿದವ್ರ ಕ್ಯಾಂಪಿನ ಮಕ್ಳು ತೆಲುಗು, ಎಷ್ಟೋ ಮನ್ಯಾಗ ಉರ್ದು. ನಾಕು ಪ್ಯಾರಾ ಕೊಟ್ಟು ಒಂದೊಂದಕ್ಕ ಐದೈದು ಪ್ರಶ್ನೆ ಕೇಳ್ತಾರ, ಬಾಯಿಪಾಠ ಮಾಡಿದ್ದು ಯಾವುದೂ ಕೆಲಸಕ್ಕ ಬರೂದಿಲ್ಲ, ಓದಿದ್ದು ತಿಳೀಬೇಕಷ್ಟ. ಮಕ್ಳು ಜೋರಾಗಿ ಪಟಪಟ ಓದಿಬಿಡ್ತಾವು, ಏನ್ ಓದ್ದಿ ಹೇಳು ಅಂದ್ರ ಮುಖ ನೋಡ್ತಾವು. ದಿನಾ ಒಂದ ಒಂದು ಪ್ಯಾರಾ, ಪುಸ್ತಕದ್ದರ ಇರ್ಲಿ ಪೇಪರಿಂದರ ಇರ್ಲಿ, ಮನಸ್ಸಿನ್ಯಾಗ ಓದಿಸ್ರಿ, ಪುಸ್ತಕ ಮುಚ್ಚಿಸಿ ನಿಮ್ಮ ಮನೀ ಮಾತಿನ್ಯಾಗ ಹೇಳಿಸ್ರಿ. ನಿಮಗ ಓದಾಕ ಬರ್ಲಿಲ್ಲಂದ್ರೂ ಇದು ಆಗ್ತೈತಿ, ಮಗು ತೆಲುಗಿನ್ಯಾಗ ಹೇಳಿದ್ರೂ ಲಂಬಾಣ್ಯಾಗ ಹೇಳಿದ್ರೂ ಕತಿ ಕೂಡಿ ಬಂತೋ ಇಲ್ಲೋ ನಿಮಗ ಗೊತ್ತಾಗ್ತೈತಿ. ಊರಿನ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಮಕ್ಳ ಪುಸ್ತಕ ಇರ್ತಾವು, ರೊಕ್ಕ ಖರ್ಚಿಲ್ಲ, ಕಳಿಸ್ರಿ.

ನಾನು ಪ್ಯಾರಾ ನಾನ ಬರದು ಕೊಡ್ತಿದ್ದೆ. 2024ರ ಆಗಸ್ಟ್‌ನ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಕೊಂಡು ಹೋದಾಗ ಊರ ತುಂಬ ಅದ ಮಾತು, ಅದನ್ನ ಪ್ಯಾರಾ ಮಾಡ್ದೆ, ಡ್ಯಾಮಿಗೆ 33 ಗೇಟು, 19ನೇದು ಹೋತು, ನೀರು ನಿಲ್ಸಾಕ ಸ್ಟಾಪ್ ಲಾಗ್ ಇಳಿಸಿದ್ರು, ಹಿಂಗ ಐದಾರು ಸಾಲು ಪುಸ್ತಕದ ಕನ್ನಡದಾಗ. ಪ್ರಶ್ನೆ ಇಟ್ಟೆ, "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?" ಅಂವ ಮೊದಲ್ನೇ ಉತ್ತರ ನೋಡ್ದ, 33 ಗೇಟು ಅಂತ ಐತಿ, ಹೌದು ಸರಿ ಐತಿ ಅಂತ ಟಿಕ್ ಮಾಡಿ ಮುಂದ ಹೋಗಿಬಿಟ್ಟ. "ಸರಿಯಲ್ಲ" ಅನ್ನೋದ್ರ "ಅಲ್ಲ" ಕಣ್ಣಿಗೆ ಬಿದ್ದಿಲ್ಲ. ಪ್ಯಾರಾ ಪೂರ್ತಿ ತಿಳದೈತಿ, ಡ್ಯಾಮ್ ಕಣ್ಣಾರೆ ನೋಡ್ಯಾನ, ಆದ್ರೂ ತಪ್ಪು. ಅವತ್ತಿಂದ ಪ್ರಶ್ನೆದಾಗ ಅಲ್ಲ, ಇಲ್ಲ, ವಿರುದ್ಧ, ಹೊರತುಪಡಿಸಿ ಅನ್ನೋ ಶಬ್ದ ಸಿಕ್ರ ಅದರ ಕೆಳಗ ಗೆರಿ ಎಳಿಬೇಕು ಅಂತ ಮಾಡಿದ್ವಿ, ಪರೀಕ್ಷಾದಾಗೂ ಪ್ರಶ್ನೆ ಬುಕ್‌ಲೆಟ್ ಮ್ಯಾಲ ಗೆರಿ ಎಳದು ಬಂದಾನ. ಸಮಾನಾರ್ಥಕ ಕೇಳಿದ್ರ ವಿರುದ್ಧಾರ್ಥಕ ಹಾಕೂದು ಸುದ್ದಾ ಇದ ಜಾತಿ ತಪ್ಪು.

ಇನ್ನ ಒಂದು ಮಾತು, ಸಿಟ್ಟಿಲೆನ ಹೇಳ್ತೀನಿ. ನಮ್ಮ ಕಡೆ ಓದೂದಕ್ಕ ಜೋರು ಬರ್ಬೇಕಾದ ಅಕ್ಟೋಬರ್ ನವೆಂಬರ್ ತಿಂಗಳದಾಗನ ಹತ್ತಿ ಬಿಡ್ಸೂ ಕೆಲಸ ಬರ್ತೈತಿ, ಸೀಡ್ಸ್ ಹತ್ತಿ ಹಾಕಿದವ್ರ ಹೊಲದಾಗ ಅದಕ್ಕಿಂತ ಮೊದ್ಲ ಹೂವಿಗೆ ಪರಾಗ ಮುಟ್ಸೋ ಕ್ರಾಸಿಂಗ್ ಕೆಲಸ, ಸಣ್ಣ ಕೈ ಬೇಕಂತ ಮಕ್ಳನ್ನ ಕರ್ಕೊಂಡು ಹೋಗ್ತಾರ. ಮನೀ ಕಷ್ಟ ನನಗ ಗೊತ್ತೈತಿ, ನಾನೂ ಹೊಲಕ್ಕ ಹೋಗಿ ಬಂದಾಕಿನ. ಆದ್ರ ಐದನೇ ಕ್ಲಾಸಿನ ಮಗುವನ್ನ ತಿಂಗಳಗಟ್ಲೆ ಶಾಲಿ ಬಿಡಸ್ಬ್ಯಾಡ್ರಿ, ಭಿನ್ನರಾಶಿ ದಶಮಾಂಶ ಕಲಿಸೋ ದಿನದಾಗ ಆ ಮಗು ಹೊಲದಾಗಿದ್ರ ಆಮ್ಯಾಲ ಯಾವ ಗೈಡೂ ಅದನ್ನ ತುಂಬಿ ಕೊಡೂದಿಲ್ಲ, ನವೋದಯ ಅಷ್ಟ ಅಲ್ಲ, ಮುಂದ ಎಸ್‌ಎಸ್‌ಎಲ್‌ಸಿ ತನಕ ಗಣಿತ ಕಾಡ್ತೈತಿ.

ಗುಳೆ ಹೋಗೋ ಮನೆಯವ್ರು ಇನ್ನೊಂದು ರೂಲ್ ತಿಳ್ಕೊಬೇಕು, ಇದನ್ನ ಯಾರೂ ಹೇಳೂದಿಲ್ಲ. ಹಳ್ಳಿ ಕೋಟಾ ಸಿಗ್ಬೇಕಂದ್ರ ಮಗು ಮೂರು, ನಾಕು, ಐದನೇ ಕ್ಲಾಸ್ ಪೂರ್ತಿ ಹಳ್ಳಿ ಶಾಲ್ಯಾಗ ಓದಿರ್ಬೇಕು. ನಡಕ ಬೆಂಗಳೂರಿಗೆ ದುಡಿಯಾಕ ಹೋದಾಗ ಅಲ್ಲಿ ಶಾಲಿಗೆ ಹೆಸ್ರು ಹಚ್ಚಿದ್ರ, ಒಂದು ದಿನ ಪಟ್ಟಣದ ಶಾಲ್ಯಾಗ ಓದಿದ್ರೂ ಮಗು ಪಟ್ಟಣದ ಲೆಕ್ಕಕ್ಕ ಹೋಗ್ತೈತಿ. ಐದನೇ ಕ್ಲಾಸ್ ಅಂತೂ ಯಾವ ಜಿಲ್ಲಾದ ನವೋದಯ ಬೇಕೋ ಅದ ಜಿಲ್ಲಾದಾಗ ಓದಾಕತ್ತಿರ್ಬೇಕು. ಅಜ್ಜಿ ಅಜ್ಜನ ಹತ್ರ ಬಿಟ್ಟು ಹೋಗಾಕ ಆಗ್ತೈತೇನು ಅಂತ ಮೂರನೇ ಕ್ಲಾಸಿನ್ಯಾಗನ ಯೋಚ್ನೆ ಮಾಡ್ರಿ.

ಅರ್ಜಿಗೆ ರೊಕ್ಕ ಇಲ್ಲ, ನವೋದಯ ವೆಬ್‌ಸೈಟಿನ್ಯಾಗ ಆನ್‌ಲೈನ್ ತುಂಬೂದು, ಸಾಮಾನ್ಯ ಜೂನ್ ಜುಲೈದಾಗ ಬಿಟ್ಟಿರ್ತಾರ. ಹೆಡ್‌ಮಾಸ್ಟರ್ ಸಹಿ ಮಾಡಿದ ಸರ್ಟಿಫಿಕೇಟ್, ಮಗುವಿನ ಫೋಟೋ, ಮಗುವಿಂದು ಮತ್ತ ತಂದಿ ತಾಯಿ ಸಹಿ ಬೇಕು. ಕಂಪ್ಯೂಟರ್ ಅಂಗಡ್ಯಾಗ ತುಂಬಿಸಿದ್ರ ಕಡೀ ಬಟನ್ ಒತ್ತೂಕಿಂತ ಮೊದ್ಲು ನೀವ ಕಣ್ಣಿಟ್ಟು ನೋಡ್ರಿ: ಹೆಸರಿನ ಸ್ಪೆಲ್ಲಿಂಗ್ ಆಧಾರ್‌ದಾಗ ಇದ್ದಂಗ ಐತೇನು, ಹುಟ್ಟಿದ ತಾರೀಖು, ಗ್ರಾಮೀಣ ಅಂತ ಹಾಕ್ಯಾರೇನು, ಪರೀಕ್ಷಾ ಭಾಷೆ ಕನ್ನಡ ಅಂತ ಐತೇನು. ಪರಿಚಯದವ್ರೊಬ್ರ ಮಗಂದು ಅಂಗಡಿಯವ ಭಾಷೆ ಇಂಗ್ಲಿಷ್ ಅಂತ ಒತ್ತಿಬಿಟ್ಟಿದ್ದ, ಹುಡುಗ ಕನ್ನಡ ಶಾಲ್ಯಾಗ ಓದಿದಂವ, ಪರೀಕ್ಷಾ ದಿನ ಪೇಪರ್ ಕೈಗೆ ಬಂದಾಗ ಅತ್ಗೊಂತ ಕುಂತಿತ್ತಂತ ಕೂಸು. ಜಾತಿ ವಿಷಯಕ್ಕ ಒಂದು ಎಚ್ಚರ, ನಮ್ಮ ರಾಜ್ಯದ 2ಎ, 3ಬಿ ಬ್ಯಾರೆ, ನವೋದಯಕ್ಕ ನೋಡೂದು ಕೇಂದ್ರದ ಓಬಿಸಿ ಪಟ್ಟಿ, ರಾಜ್ಯದಾಗ ಮೀಸಲಾತಿ ಐತಿ ಅಂದ್ಕೂಡ್ಲೇ ಅಲ್ಲೂ ಇರ್ತೈತಿ ಅಂತಿಲ್ಲ, ಕೇಳಿ ತುಂಬ್ರಿ. ಹುಟ್ಟಿದ ತಾರೀಖಿನ ಮಿತಿ ಪ್ರತಿ ವರ್ಷ ಬದಲಾಗ್ತೈತಿ, ಆ ವರ್ಷದ ನೋಟಿಫಿಕೇಶನ್ ನೋಡ್ರಿ. ಪರೀಕ್ಷಾ ತಾರೀಖೂ ಹಂಗ, 2025ರಾಗ ಜನವರಿ 18ಕ್ಕ ಇತ್ತು, ಕೊಪ್ಪಳದ ಗವಿಮಠದ ಜಾತ್ರಿ ವಾರನ, ಮನಿ ತುಂಬ ಬೀಗ್ರು, ಓದ್ಸಾಕ ಜಾಗ ಇಲ್ಲ. ಅದರ ಮುಂದಿನ ಬ್ಯಾಚಿಗೆ 2025ರ ಡಿಸೆಂಬರ್ 13ಕ್ಕನ ಬಂತು. ಹಂಗಾಗಿ ನವೆಂಬರ್ ಕೊನಿಗೆ ಎಲ್ಲಾ ಮುಗದಿರ್ಬೇಕು ಅಂತ ಲೆಕ್ಕ ಇಟ್ಕೊಂಡು ನಡೀರಿ.

ಉತ್ತರಕ್ಕ ಗೋಲ ತುಂಬೋ ಒಎಂಆರ್ ಹಾಳಿ ಅಂದ್ರ ಏನಂತ ಮಗುವಿಗೆ ಪರೀಕ್ಷಾ ದಿನಾನ ಗೊತ್ತಾಗಬಾರ್ದು. ಗೋಲ ತುಂಬೂದು ನಮಗ ಸಣ್ಣ ಕೆಲಸ ಅನಸ್ತೈತಿ, ಹತ್ತು ವರ್ಷದ ಮಗುವಿಗೆ ಅದೂ ಒಂದು ಪರೀಕ್ಷಾ. ಪೆನ್ಸಿಲ್ ನಡಿಯೂದಿಲ್ಲ, ನೀಲಿ ಇಲ್ಲಾ ಕಪ್ಪು ಬಾಲ್ ಪೆನ್ನು, ಒಮ್ಮೆ ತುಂಬಿದ್ರ ಬದಲ್ಸಾಕ ಬರೂದಿಲ್ಲ, ವೈಟ್‌ನರ್ ಹಚ್ಚಂಗಿಲ್ಲ. ಒಂದು ಒಎಂಆರ್ ಹಾಳಿ ಹತ್ತು ಕಾಪಿ ಝೆರಾಕ್ಸ್ ತಗಸ್ರಿ, ಕಡೀ ಎರಡು ತಿಂಗಳು ಪ್ರತಿ ಶನಿವಾರ ಗಡಿಯಾರ ಇಟ್ಟು ಎರಡು ತಾಸು ಪೂರ್ತಿ ಕೂಡಿಸ್ರಿ, ನಡಕ ನೀರಿಗೂ ಏಳಂಗಿಲ್ಲ. ಹನ್ನೊಂದೂವರಿಯಿಂದ ಒಂದೂವರಿ ತನಕ ಕೂಡಿಸಿದ್ರ ಇನ್ನೂ ಚಲೋ, ಪರೀಕ್ಷಾ ಟೈಮೂ ಅದ. ಪ್ರಶ್ನೆ ನಂಬರ್ ತಪ್ಪಿ ಒಂದು ಗೋಲ ಕೆಳಗ ಜಾರಿದ್ರ ಅಲ್ಲಿಂದ ಮುಂದಿನವೆಲ್ಲಾ ತಪ್ಪ. ನನ್ನ ಮಗ ಎರಡು ಸಲ ಹಿಂಗ ಮಾಡಿದ್ದ, ಆಮ್ಯಾಲ ಎಡಗೈ ಬೆರಳು ನಂಬರ್ ಮ್ಯಾಲ ಇಟ್ಕೊಂಡ ತುಂಬೂದು ಕಲ್ತ. ಬರ್ಲಾರದ ಪ್ರಶ್ನೆ ಬುಕ್‌ಲೆಟ್‌ನ್ಯಾಗ ಗುರ್ತು ಹಾಕಿ ಬಿಟ್ಟು ಮುಂದ ಹೋಗೂದು, ಕಡಿಗೆ ವಾಪಸ್ ಬಂದು ಏನರ ಒಂದು ಗೋಲ ತುಂಬೂದು. ಒಂದು ಲೆಕ್ಕದ ಮ್ಯಾಲ ಹಠ ಮಾಡಿ ಹತ್ತು ನಿಮಿಷ ಕೂಡೋ ಮಕ್ಳು ಇರ್ತಾರ, ಅಂಥಾ ಮಕ್ಳಿಗೆ ಈ ಬಿಡೂದನ್ನ ಕಲ್ಸೂದ ದೊಡ್ಡ ಕೆಲಸ.

ಹಾಸ್ಟೆಲ್‌ದಾಗ ಇರೋ ಮಾತೂ ಮೊದ್ಲ ಆಡ್ರಿ, ಸೀಟ್ ಸಿಕ್ಕ ಮ್ಯಾಲ ಅಲ್ಲ. ನಾನು ಮಗನ ಕೈಲೆ ಆರು ತಿಂಗಳು ಮುಂಚೆಯಿಂದ ಅಂವನ ಬಟ್ಟಿ ಅಂವನ ಕೈಲೆ ಒಗಸ್ತಿದ್ದೆ, ಹಾಸಿಗಿ ಮಡಸ್ತಿದ್ದೆ. ಒಂಬತ್ತನೇ ಕ್ಲಾಸಿನ್ಯಾಗ ಕೆಲವು ಮಕ್ಳನ್ನ ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕ ಕಳಿಸ್ತಾರ ಅಂತಾನೂ ಹೇಳಿದ್ದೆ. ಮಗುವಿಗೆ ಹೋಗಾಕ ಮನಸ್ಸ ಇಲ್ಲಂದ್ರ ಒತ್ತಾಯ ಮಾಡಬ್ಯಾಡ್ರಿ ಅಂತ ನನ್ನ ಅಭಿಪ್ರಾಯ, ಬ್ಯಾರೆಯವ್ರು ಬ್ಯಾರೆ ಹೇಳಬೋದು.

ಪರೀಕ್ಷಾ ಹಿಂದಿನ ದಿನ ಏನೂ ಓದಿಸ್ಲಿಲ್ಲ. ತಪ್ಪಿನ ಬುಕ್ ಒಂದು ಸಲ ತಿರುವಿ ಹಾಕ್ದ ಅಷ್ಟ. ಹಾಲ್ ಟಿಕೆಟ್ ಎರಡು ಕಾಪಿ, ಎರಡು ಪೆನ್ನು, ನೀರಿನ ಬಾಟ್ಲಿ, ಹೊತ್ತಿಗೆ ಒಂದು ತಾಸು ಮುಂಚೆ ಮುಟ್ಟೋ ಹಂಗ ಬಸ್ಸು. ಹೊರಗ ಬಂದ ಕೂಡ್ಲೇ ಬಾಳ ಮಂದಿ ತಾಯಂದ್ರು ಗೇಟಿನ್ಯಾಗನ ಹಿಡ್ಕೊಂಡು ಎಷ್ಟು ಸರಿ ಹಾಕ್ದಿ, ಆ ಪ್ರಶ್ನೆಗೆ ಏನ್ ಹಾಕ್ದಿ ಅಂತ ಕೇಳಾಕತ್ತಿದ್ರು, ಒಂದೆರಡು ಕೂಸು ಅಲ್ಲೇ ಅಳಾಕತ್ತಿದ್ವು. ನಾನು "ಹಸಿವಾಗೈತೇನು" ಅಂತ ಕೇಳ್ದೆ. ಬಸ್ ಸ್ಟ್ಯಾಂಡಿನ್ಯಾಗ ಮಿರ್ಚಿ ಮಂಡಕ್ಕಿ ತಿಂದು ಊರಿಗೆ ಬಂದ್ವಿ.

ಬಂದ ಮರುದಿನ ಸುಮ್ನ ಕುಂದರಬ್ಯಾಡ್ರಿ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲಿಗಳ ಆರನೇ ಕ್ಲಾಸಿನ ಪ್ರವೇಶ ಪರೀಕ್ಷಾ ಕೆಇಎ, ಅಂದ್ರ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಮಾಡ್ತೈತಿ, ಆದರ್ಶ ವಿದ್ಯಾಲಯದ್ದು ಬ್ಯಾರೆ ಇರ್ತೈತಿ, ಇವೂ ಒಎಂಆರ್ ಪರೀಕ್ಷಾನ. ಅಲ್ಲಿ ಪಠ್ಯಪುಸ್ತಕದ ವಿಷಯಾನೂ ಕೇಳ್ತಾರ, ಹಂಗಾಗಿ ನಾಕನೇ ಐದನೇ ಕ್ಲಾಸಿನ ಪುಸ್ತಕ ರದ್ದಿಗೆ ಹಾಕಿದ್ರ ವಾಪಸ್ ಹುಡುಕ್ರಿ. ವಸತಿ ಶಾಲಿ ಅರ್ಜಿಗೆ ಶಾಲಿಯಿಂದ ಮಗುವಿನ ಹೆಸರಿಗಿರೋ ಸ್ಯಾಟ್ಸ್ ನಂಬರ್ ಬೇಕು, ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರ ಮಾಡಿಸಿ ಅದ್ರ ಮ್ಯಾಲಿರೋ ಆರ್‌ಡಿ ನಂಬರ್ ಬೇಕು, ಅದು ಬರಾಕ ದಿನ ಹಿಡೀತೈತಿ, ಕೊನೀ ದಿನ ಓಡ್ಯಾಡೂದಕ್ಕಿಂತ ದಸರಾ ರಜಾದಾಗ ಹೋಗಿ ಅರ್ಜಿ ಕೊಟ್ಟು ಬರ್ರಿ. ನಮ್ಮ ಮಗಳದ್ದು ಆ ಸಲ ಆದಾಯ ಪತ್ರದ ಅವಧಿ ಮುಗದಿದ್ದಕ್ಕ ಇದೂ ತಪ್ಪಿತ್ತು.